ಹಳೇಬೀಡಿನ ಗೋಡೆಯನ್ನು ಅಲುಗದಂತೆ ನಿಲ್ಲಿಸಿದ್ದು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಟ್ರೈಪಾಡ್ ಇಡಬೇಕಾದರೆ ಪುರಾತತ್ತ್ವ ಇಲಾಖೆಯಿಂದ ಮೊದಲೇ ಅನುಮತಿ ತರಬೇಕು. ನನ್ನದು ಶಿಲ್ಪಕಲೆಯ ತರಗತಿಗೆ ಬೇಕಾಗಿದ್ದ ಸಣ್ಣ ವಿಡಿಯೊ. ಅದಕ್ಕಾಗಿ ಅರ್ಜಿ ಹಿಡಿದು ಓಡಾಡುವ ಉಮೇದು ಇರಲಿಲ್ಲ, ಎಲ್ಲ ಶಾಟ್‌ಗಳನ್ನೂ ಕೈಯಲ್ಲೇ ತೆಗೆದೆ. ಹೊರಗೋಡೆಯ ಪಟ್ಟಿಕೆಗಳ ಮೇಲೆ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು ಎಂದು ಹೆಸರು ಬರೆಯಬೇಕಿತ್ತು. ಗೋಡೆ ನಡುಗಿ ಅಕ್ಷರ ನಿಂತಿದ್ದರೆ ನೋಡುವವರಿಗೆ ತಲೆ ತಿರುಗುತ್ತದೆ.

ನಡುಗುವ ವಿಡಿಯೊವನ್ನು ತಾನಾಗಿ ನಿಲ್ಲಿಸುವ, ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರಿನ ವಾರ್ಪ್ ಸ್ಟೆಬಿಲೈಸರ್ ಇಂಥ ಕೆಲಸಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಇಡೀ ಫ್ರೇಮಿನ ತುಂಬ ಬಿಂದುಗಳನ್ನು ಹಿಡಿಯುತ್ತದೆ, ಎದುರು ಹಾದುಹೋಗುವ ಪ್ರವಾಸಿಗರ ಮೇಲೂ. ಜನ ದಾಟಿದಾಗಲೆಲ್ಲ ಕಲ್ಲು ನೀರಿನಡಿ ಇದ್ದ ಹಾಗೆ ಬಳುಕಿತು. ಯಾವುದು ನಿಲ್ಲಬೇಕು, ಯಾವುದು ಹೇಗಾದರೂ ಹೋಗಲಿ ಎಂದು ನಾವೇ ಹೇಳಬೇಕಾದ ಜಾಗ ಇದು. ಪ್ಲೇನರ್ ಟ್ರ್ಯಾಕಿಂಗ್ ಬೇಕಾಗುವುದೂ ಇಲ್ಲೇ. ಒಂದು ಚುಕ್ಕೆಯ ಬದಲು ಒಂದು ಸಮತಲದ ಮೈಯನ್ನೇ ಅದು ಹಿಡಿಯುತ್ತದೆ. ಆ ತುಂಡು ಫ್ರೇಮಿನಿಂದ ಫ್ರೇಮಿಗೆ ಎಷ್ಟು ಸರಿಯಿತು, ತಿರುಗಿತು, ದೊಡ್ಡದಾಯಿತು, ಓರೆಯಾಯಿತು ಎಂದು ಲೆಕ್ಕ ಹಾಕುತ್ತದೆ. ಸ್ವಲ್ಪ ಭಾಗ ಮರೆಯಾದರೂ ಉಳಿದದ್ದರಿಂದ ಕೆಲಸ ನಡೆಯುತ್ತದೆ. ಈ ವಿಧಾನವನ್ನು ಹೆಸರುವಾಸಿ ಮಾಡಿದ್ದು ಮೋಚಾ ಎಂಬ ಸಾಫ್ಟ್‌ವೇರ್. 2013ರಲ್ಲಿ ಅದನ್ನು ರೂಪಿಸಿದವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ನಾನು ಬಳಸಿದ್ದು ಡವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಫ್ಯೂಷನ್ ಪುಟದಲ್ಲಿರುವ ಪ್ಲೇನರ್ ಟ್ರ್ಯಾಕರ್ ನೋಡ್, ಅಂದರೆ ಈ ಒಂದು ಕೆಲಸ ಮಾಡುವ ಪೆಟ್ಟಿಗೆ.

ತೊಡಕು ಇರುವುದು ಗೋಡೆಯಲ್ಲೇ. ದೂರದಿಂದ ಒಂದೇ ಗೋಡೆಯಂತೆ ಕಂಡರೂ ಅದು ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿದೆ, ಪ್ರತಿ ಮಡಿಕೆಯೂ ಬೇರೆ ಸಮತಲ. ಯಾವ ಭಾಗವನ್ನು ಹಿಡಿಯಬೇಕೆಂದು ಟ್ರ್ಯಾಕರ್‌ಗೆ ಸುತ್ತ ಗೆರೆ ಎಳೆದು ತೋರಿಸಬೇಕು. ಎರಡು ಮಡಿಕೆಗಳನ್ನು ಸೇರಿಸಿ ಗೆರೆ ಎಳೆದರೆ ಟ್ರ್ಯಾಕರ್ ಎರಡಕ್ಕೂ ನಡುವಿನ ಯಾವುದೋ ಚಲನೆಯನ್ನು ಹಿಡಿದು ನಿಧಾನವಾಗಿ ಜಾರುತ್ತದೆ. ಹಾಗಾಗಿ ಮೂಲೆಯಿಂದ ಮೂಲೆಗೆ ಒಂದೇ ಮಡಿಕೆಯೊಳಗೆ ಗೆರೆ ಎಳೆದೆ. ಇನ್ನೊಂದು ತೊಂದರೆ ಆನೆಗಳದು. ಕೆತ್ತನೆಯಲ್ಲಿ ಒಂದರಂತೆ ಇನ್ನೊಂದಿಲ್ಲ ನಿಜ, ಆದರೆ ಕೈ ನಡುಗಿ ಮಸುಕಾದ ಫ್ರೇಮಿನಲ್ಲಿ ಸಾಫ್ಟ್‌ವೇರಿಗೆ ಎಲ್ಲವೂ ಒಂದೇ. ಬರೀ ಒಂದು ಆನೆಯನ್ನು ಸುತ್ತುವರಿದರೆ ಪಕ್ಕದ ಆನೆಗೆ ಹಾರಿಬಿಡುತ್ತದೆ. ಅದಕ್ಕೇ ಮುರಿದ ಸೊಂಡಿಲು, ಕಲ್ಲುಗಳ ನಡುವಿನ ಸಂದು, ಪಾಚಿಯ ಕಲೆ ಇವೆಲ್ಲ ಒಳಗೆ ಬರುವಷ್ಟು ಅಗಲವಾಗಿ ಗೆರೆ ಎಳೆಯಬೇಕು. ಹಾದುಹೋಗುವ ಜನಕ್ಕೆ ಬೇರೆ ಮಾಸ್ಕ್ (ಮರೆಮಾಡುವ ಆಕಾರ) ಮಾಡಿ, ಆ ಜಾಗವನ್ನು ಟ್ರ್ಯಾಕರ್ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ನೋಡ್‌ನ ಆಕ್ಲೂಷನ್ ಮಾಸ್ಕ್ ಕಿಂಡಿಗೆ ಜೋಡಿಸಿದೆ. ಸೊಂಟದಿಂದ ಮೇಲಕ್ಕೆ ಒರಟು ಆಕಾರ ಸಾಕು, ಕೂದಲೆಳೆ ಲೆಕ್ಕದಲ್ಲಿ ಬಿಡಿಸುವುದು ದಂಡ.

ಟ್ರ್ಯಾಕಿಂಗ್ ಶುರುವಾಗುವ ರೆಫರೆನ್ಸ್ ಫ್ರೇಮ್ ಮೊದಲನೆಯದೇ ಆಗಬೇಕಿಲ್ಲ. ಗೋಡೆಗೆ ನೇರವಾಗಿ ನಿಂತ, ಯಾರೂ ಅಡ್ಡ ಇಲ್ಲದ ನಡುವಿನ ಫ್ರೇಮನ್ನು ಆರಿಸಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿದೆ. ಆಮೇಲೆ ಸ್ಟೆಡಿ ಮೋಡ್: ಗೋಡೆ ಅಲ್ಲೇ ಬಿಗಿಯಾಗಿ ನಿಲ್ಲುತ್ತದೆ, ಹೆಸರುಗಳನ್ನು ಸುಮ್ಮನೆ ಮೇಲಿಟ್ಟರಾಯಿತು. ನಡೆಯುತ್ತ ತೆಗೆದ ಶಾಟ್‌ಗೆ ಅದು ಬೇಡ. ಅಲ್ಲಿ ಸ್ಟೆಬಿಲೈಸ್ ಮೋಡ್ ಹಾಕಿದರೆ ನಡುಕ ಮಾತ್ರ ಸವೆದು, ಕ್ಯಾಮೆರಾದ ನಡಿಗೆ ಉಳಿಯುತ್ತದೆ. ಯಾವ ಯಾವ ಚಲನೆ ಲೆಕ್ಕ ಹಾಕಬೇಕೆಂದು ಹೇಳುವ ಮೋಷನ್ ಟೈಪ್‌ನಲ್ಲಿ ಓರೆಯನ್ನೂ ಸೇರಿಸುವ ಪರ್ಸ್ಪೆಕ್ಟಿವ್ ಇದೆಯೆಂದು ಎಲ್ಲ ಕಡೆ ಅದನ್ನೇ ಒತ್ತುವುದು ನನಗೆ ಸರಿ ಕಾಣುವುದಿಲ್ಲ. ನಿಂತಲ್ಲೇ ನಿಂತು ತೆಗೆದದ್ದಕ್ಕೆ ಸರಿಯುವಿಕೆ, ತಿರುವು, ಅಳತೆ ಇಷ್ಟೇ ಸಾಕು; ಅದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಕೊಟ್ಟರೆ ಫ್ರೇಮಿನ ಅಂಚುಗಳು ಸೊಟ್ಟಗಾಗುತ್ತವೆ.

ಸಾಫ್ಟ್‌ವೇರ್ ಸರಿಪಡಿಸಲಾರದ್ದನ್ನು ಶೂಟಿಂಗ್ ಹೊತ್ತಿಗೇ ನೋಡಿಕೊಳ್ಳಬೇಕು. ನಾನು 3840×2160ರಲ್ಲಿ ತೆಗೆದು 1920×1080 ಟೈಮ್‌ಲೈನಿಗೆ ಹಾಕಿದೆ. ನಿಲ್ಲಿಸಿದ ಮೇಲೆ ಫ್ರೇಮಿನ ಅಂಚು ಒಳಗೆ ಬರುತ್ತದಲ್ಲ, ಅದನ್ನು ಕತ್ತರಿಸಲು ಜಾಗ ಬೇಕು. ಸೆಕೆಂಡಿಗೆ 25 ಫ್ರೇಮಿಗೆ ರೂಢಿಯ 1/50 ಶಟರ್ ಬಿಟ್ಟು 1/200ಕ್ಕೆ ಏರಿಸಿದೆ. ಇಲ್ಲದಿದ್ದರೆ ಚಿತ್ರ ನಿಂತರೂ ಕೈ ನಡುಗಿದ ಪ್ರತಿ ಕ್ಷಣದ ಮಸುಕು ಹಾಗೇ ಉಳಿದು, ನಿಂತ ಕಲ್ಲು ಆಗಾಗ ಮಂಕಾದಂತೆ ಕಾಣುತ್ತದೆ. ಮೊಬೈಲಿನಲ್ಲಿ ತೆಗೆದರೆ ಅದರ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ ಆಫ್ ಮಾಡಿ. ಅದು ಮೊದಲೇ ಫ್ರೇಮನ್ನು ತನ್ನಿಷ್ಟದಂತೆ ಬಗ್ಗಿಸಿಟ್ಟಿರುತ್ತದೆ. ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಬರುವ ರೋಲಿಂಗ್ ಶಟರ್‌ನ ಓರೆಗೂ ಈ ನೋಡ್‌ನಲ್ಲಿ ಮದ್ದಿಲ್ಲ.

ಮಂಟಪದ ಕಂಬ ಮುಂದೆ, ಗೋಡೆ ಹಿಂದೆ ಇದ್ದ ಶಾಟ್ ಒಂದಿತ್ತು. ಗೋಡೆ ನಿಲ್ಲಿಸಿದರೆ ಕಂಬ ಕುಣಿಯಿತು, ಕಂಬ ನಿಲ್ಲಿಸಿದರೆ ಗೋಡೆ. ಅದನ್ನು ನಡುಕದ ಸಮೇತ ಹಾಗೇ ಬಳಸಿದೆ.