ಘಟ್ಟ ಹತ್ತಿದ ಕೂಡಲೇ ಗಾಳಿ ನೋಡಬೇಡಿ: ಟೈರ್ ಪ್ರೆಶರ್ ಬಗ್ಗೆ ನನ್ನ ಅನುಭವ

ನಮ್ಮ ಮಡಿಕೇರಿ ಕಡೆ ಕಾರಿಗೆ ಗಾಳಿ ಎಷ್ಟು ಹಾಕಿಸಬೇಕು ಎಂದು ಕೇಳಿದರೆ "ಮೂವತ್ತು ಹಾಕಿಸಿ ಸಾರ್, ಸಾಕು" ಎನ್ನುವವರೇ ಜಾಸ್ತಿ. ಸಣ್ಣ ಕಾರಿಗೂ ಮೂವತ್ತು, ಸೆಡಾನ್‌ಗೂ ಮೂವತ್ತು (ಈ ಮೂವತ್ತು ಅನ್ನುವುದು ಪಿಎಸ್‌ಐ ಲೆಕ್ಕ, ಅಂದರೆ ಗಾಳಿಯ ಒತ್ತಡ ಅಳೆಯುವ ಮಾನ). ಮಳೆಗಾಲದಲ್ಲಿ ಒಂದೆರಡು ಕಮ್ಮಿ ಮಾಡಿ, ಟೈರ್ ರಸ್ತೆ ಹಿಡಿಯುತ್ತದೆ ಎಂಬ ಪುಕ್ಕಟೆ ಸಲಹೆ ಬೇರೆ. ನಾನು ಇದನ್ನೆಲ್ಲ ಕೇಳುವುದು ಬಿಟ್ಟು ತುಂಬಾ ಕಾಲವಾಯಿತು. ಈಗ ಗಾಳಿ ನೋಡುವುದು ಮನೆ ಅಂಗಳದಲ್ಲೇ, ಬೆಳಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲೇ, ನನ್ನದೇ ಗೇಜಿನಲ್ಲಿ.

ಮೊದಲು ನಂಬರ್ ಎಲ್ಲಿ ಸಿಗುತ್ತದೆ ಎಂದು ಹೇಳುತ್ತೇನೆ. ಡ್ರೈವರ್ ಬಾಗಿಲು ತೆಗೆದರೆ ಬಾಗಿಲಿನ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಎರಡೂ ಕಡೆ ಇಲ್ಲದಿದ್ದರೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ. ಅಲ್ಲಿ ಬರೀ ಕಿಲೋಪಾಸ್ಕಲ್‌ನಲ್ಲಿ ಬರೆದಿದ್ದರೆ ಗಾಬರಿಯಾಗಬೇಡಿ, 230 ಅಂದರೆ 33 ಪಿಎಸ್‌ಐ, 250 ಅಂದರೆ 36. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 44, 51 ಎಂದೆಲ್ಲ ಅಚ್ಚಾಗಿರುತ್ತದಲ್ಲ, ಅದನ್ನು ನೋಡಿ ಗಾಳಿ ಹಾಕಿಸುವವರಿದ್ದಾರೆ. ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ. ನಿಮ್ಮ ಕಾರಿಗೆ ಬೇಕಾದ ಲೆಕ್ಕ ಅದಲ್ಲ. ಒಂದೇ ಟೈರನ್ನು ಬೇರೆ ಬೇರೆ ತೂಕದ ಕಾರುಗಳಿಗೆ ಹಾಕುತ್ತಾರೆ, ಹಾಗಿರುವಾಗ ನಿಮ್ಮ ಕಾರಿಗೆ ಎಷ್ಟು ಬೇಕು ಎಂದು ಟೈರ್ ಕಂಪನಿಯವನು ಅದರ ಮೇಲೆ ಹೇಗೆ ಬರೆಯುತ್ತಾನೆ?

ಸ್ಟಿಕ್ಕರ್‌ನಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ ಇರುತ್ತದೆ. ಎರಡು ಮೂರು ಜನ ಕೂತಾಗ ಒಂದು, ಗಾಡಿ ತುಂಬಿದಾಗ ಇನ್ನೊಂದು. ನನ್ನ ಕಾರಿಗೆ ಕಮ್ಮಿ ಜನ ಇದ್ದಾಗ ನಾಲ್ಕಕ್ಕೂ 33, ತುಂಬಿದಾಗ ಹಿಂದಿನ ಎರಡಕ್ಕೆ 36. ಇದು ನಮ್ಮ ಊರಲ್ಲಿ ಸುಮ್ನೆ ಓದಿ ಬಿಡುವ ವಿಷಯ ಅಲ್ಲ. ಕಾಫಿ ಕುಯ್ಲಿನ ಟೈಮಲ್ಲಿ ಪಿಕಪ್ ಸಿಗದೆ ಕಾರಿನ ಡಿಕ್ಕಿಗೇ 50 ಕೆಜಿಯ ಎರಡು ಚೀಲ ತುಂಬಿಸಿ, ಹಿಂದಿನ ಸೀಟಲ್ಲಿ ಮೂರು ಜನರನ್ನೂ ಕೂರಿಸಿಕೊಂಡು ಹೋಗುವುದನ್ನು ಎಲ್ಲರೂ ಮಾಡುತ್ತೇವೆ, ಅಲ್ವಾ? ಆ ತೂಕವೆಲ್ಲ ಹಿಂದಿನ ಟೈರಿನ ಮೇಲೆ ಬೀಳುತ್ತದೆ. ಗಾಳಿ ಕಮ್ಮಿ ಇದ್ದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಮಡಚಿ ಬಿಸಿಯಾಗುತ್ತದೆ. ಟೈರ್ ಒಡೆಯುವುದು ಹೆಚ್ಚಾಗಿ ಈ ಬಿಸಿಯಿಂದ. ಗಾಳಿ ಜಾಸ್ತಿಯಾಗಿ ಒಡೆಯುತ್ತದೆ ಎಂದು ಜನ ಹೆದರುತ್ತಾರೆ, ನಿಜವಾಗಿ ಹೆದರಬೇಕಾದದ್ದು ಕಮ್ಮಿ ಗಾಳಿಗೆ.

ಇನ್ನು ಮುಖ್ಯ ವಿಷಯ. ಸ್ಟಿಕ್ಕರ್‌ನಲ್ಲಿರುವುದು ತಣ್ಣಗಿರುವ ಟೈರಿನ ಲೆಕ್ಕ. ಅಂದರೆ ಗಾಡಿ ನಿಂತು ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಒಂದು ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು. ಸಂಪಾಜೆಯಿಂದ ಘಟ್ಟ ಹತ್ತಿ ಮಡಿಕೇರಿಗೆ ಬಂದು ನೇರ ಬಂಕಿಗೆ ಹೋದರೆ 33 ಇದ್ದ ಟೈರ್ ಆರಾಮಾಗಿ 37 ತೋರಿಸುತ್ತದೆ. ಗಾಳಿ ಹಾಕುವ ಹುಡುಗ "ಜಾಸ್ತಿ ಇದೆ ಸಾರ್" ಎಂದು ಪುಸ್ಸೆಂದು ನಾಲ್ಕು ಪಾಯಿಂಟ್ ಬಿಡುತ್ತಾನೆ. ಅವನ ತಪ್ಪೇನಿಲ್ಲ, ಅವನ ಮೀಟರ್ ತೋರಿಸಿದ್ದೇ ಅಷ್ಟು. ಮರುದಿನ ಬೆಳಗ್ಗೆ ಟೈರ್ ತಣ್ಣಗಾದ ಮೇಲೆ ನೋಡಿದರೆ 29. ಬಿಸಿ ಟೈರಿನಿಂದ ಗಾಳಿ ಬಿಡಬಾರದು, ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ದಾರಿಯಲ್ಲಿ ನೋಡಲೇಬೇಕಾಗಿ ಬಂದರೆ ನಾನು ನಾಲ್ಕನ್ನೂ ಹೋಲಿಸುತ್ತೇನೆ. ಮೂರು 37 ಇದ್ದು ಒಂದು 32 ಇದ್ದರೆ ಆ ಒಂದರಲ್ಲಿ ಏನೋ ಆಗಿದೆ ಎಂದೇ ಅರ್ಥ, ಸ್ಟಿಕ್ಕರ್ ಲೆಕ್ಕಕ್ಕೆ ಹತ್ತಿರ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬಾರದು.

ಎತ್ತರದ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತ್ತು. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಮಡಿಕೇರಿ ಹೆಚ್ಚುಕಮ್ಮಿ 1150 ಮೀಟರ್ ಎತ್ತರ. ಮಂಗಳೂರಲ್ಲಿ ಹಾಕಿಸಿದ ಗಾಳಿ ಇಲ್ಲಿಗೆ ಸರಿಹೋಗುತ್ತದಾ? ಗೇಜ್ ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಮೇಲೆ ಹೋದಂತೆ ಹೊರಗಿನ ಒತ್ತಡ ಕಮ್ಮಿಯಾಗುತ್ತದೆ, ಹಾಗಾಗಿ ಪ್ರತಿ ಸಾವಿರ ಅಡಿಗೆ ಗೇಜಿನಲ್ಲಿ ಸುಮಾರು ಅರ್ಧ ಪಿಎಸ್‌ಐ ಏರುತ್ತದೆ. ಮಡಿಕೇರಿಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಪಿಎಸ್‌ಐ ಜಾಸ್ತಿ. ಆದರೆ ಚಳಿ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. ಸುಮಾರು ಆರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ಮಂಗಳೂರಲ್ಲಿ 32 ಡಿಗ್ರಿ ಇದ್ದಾಗ ಹಾಕಿಸಿ, ಮರುದಿನ ಮಡಿಕೇರಿಯಲ್ಲಿ 20 ಡಿಗ್ರಿ ಚಳಿಯಲ್ಲಿ ನೋಡಿದರೆ ಎರಡು ಕಮ್ಮಿ. ಅಲ್ಲಿಗೆ ಏರಿದ್ದಕ್ಕೂ ಇಳಿದದ್ದಕ್ಕೂ ಸರಿಹೋಯಿತು! ಕಾಗದದ ಮೇಲೆ ಈ ಲೆಕ್ಕ ಹಾಕಿ ನೋಡಿ ನನಗೇ ನಗು ಬಂತು. ಘಟ್ಟ ಹತ್ತುವುದಕ್ಕೆ ಎಂದು ಗಾಳಿ ಬಿಡುವುದೂ ಬೇಡ, ಇಳಿಯುವುದಕ್ಕೆ ಎಂದು ತುಂಬಿಸುವುದೂ ಬೇಡ.

ಎತ್ತರಕ್ಕಿಂತ ಹೆಚ್ಚು ಮೋಸ ಮಾಡುವುದು ಕಾಲ ಬದಲಾಗುವುದು. ಏಪ್ರಿಲ್ ಬಿಸಿಲಲ್ಲಿ ಸರಿ ಮಾಡಿದ ಗಾಳಿ ಜೂನ್ ಮಳೆ ಹಿಡಿದ ಮೇಲೆ ತಾನಾಗಿ ಒಂದೂವರೆ ಪಿಎಸ್‌ಐಯಷ್ಟು ಇಳಿದಿರುತ್ತದೆ. ಇದಲ್ಲದೆ ಯಾವ ಟೈರೇ ಆದರೂ ತಿಂಗಳಿಗೆ ಒಂದು ಪಿಎಸ್‌ಐ ಹತ್ತಿರ ಸುಮ್ನೆ ಕಳೆದುಕೊಳ್ಳುತ್ತದೆ. ಎರಡೂ ಸೇರಿದರೆ ಸರಿಯಾಗಿ ಜಡಿಮಳೆ ಶುರುವಾಗುವ ಹೊತ್ತಿಗೆ ನಮ್ಮ ಟೈರ್ ಮೆತ್ತಗಾಗಿರುತ್ತದೆ. ಅದರ ಮೇಲೆ ಇನ್ನೂ ಎರಡು ಕಮ್ಮಿ ಮಾಡಿ ಎನ್ನುವ ಸಲಹೆ ಕೇಳಿದರೆ ಸಿಟ್ಟೇ ಬರುತ್ತದೆ. ಡಾಂಬರು ರಸ್ತೆಯಲ್ಲಿ ನಿಂತ ನೀರನ್ನು ಟೈರ್ ತನ್ನ ಗೀರುಗಳಿಂದ ಆಚೆ ತಳ್ಳಬೇಕು. ಗಾಳಿ ಕಮ್ಮಿಯಾದರೆ ಟೈರಿನ ನಡುಭಾಗ ಒಳಕ್ಕೆ ಬಾಗುತ್ತದೆ, ನೀರು ಆಚೆ ಹೋಗುವುದಿಲ್ಲ, ಕಾರು ನೀರಿನ ಮೇಲೆ ತೇಲುತ್ತದೆ. ಸ್ಟೇರಿಂಗ್ ಹಗುರವಾದಂತೆ ಅನಿಸಿದರೆ ಅದೇ.

ತೋಟದ ಕೆಸರಿನಲ್ಲಿ ಜೀಪಿನವರು ಗಾಳಿ ಇಳಿಸುತ್ತಾರಲ್ಲ ಎಂದು ಕೇಳಬಹುದು. ಹೌದು, ಇಳಿಸುತ್ತಾರೆ, ಕೆಸರಿನಲ್ಲಿ ನಿಧಾನ ಹೋಗುವಾಗ ಅದು ಕೆಲಸಕ್ಕೂ ಬರುತ್ತದೆ. ಆದರೆ ಟಾರ್ ರಸ್ತೆಗೆ ಬರುವ ಮೊದಲು ವಾಪಸ್ ತುಂಬಿಸಿಕೊಳ್ಳಬೇಕು. ನಮ್ಮಂಥವರ ಕಾರಿನಲ್ಲಿ ಟ್ಯೂಬ್‌ಲೆಸ್ ಟೈರ್ ಮೆತ್ತಗಿದ್ದಾಗ ಕಲ್ಲಿಗೆ ಒತ್ತಿ ತಿರುಗಿಸಿದರೆ ರಿಮ್ಮೇ ಬಿಟ್ಟು ಬರಬಹುದು.

ಗೇಜ್ ಬಗ್ಗೆ. ನಾನು ಡಿಜಿಟಲ್ ಒಂದನ್ನು ಇಟ್ಟುಕೊಂಡಿದ್ದೇನೆ, ಡಯಲ್ ಆದರೂ ಪರವಾಗಿಲ್ಲ. ಬಂಕಿನದು, ಪಂಕ್ಚರ್ ಅಂಗಡಿಯದು, ನನ್ನದು ಒಂದೇ ಟೈರಿಗೆ ಬೇರೆ ಬೇರೆ ನಂಬರ್ ತೋರಿಸುವುದು ಮಾಮೂಲಿ. ಯಾವಾಗಲೂ ಒಂದೇ ಗೇಜ್ ಬಳಸಿದರೆ ಕನಿಷ್ಠ ಏರಿತಾ ಇಳಿಯಿತಾ ಎಂದಾದರೂ ಗೊತ್ತಾಗುತ್ತದೆ. ವಾಲ್ವ್ ಮುಚ್ಚಳ ತೆಗೆದು, ನಮ್ಮ ಕೆಂಪು ಮಣ್ಣು ಕೂತಿದ್ದರೆ ಬಟ್ಟೆಯಲ್ಲಿ ಒರೆಸಿ, ನೇರ ಒತ್ತಬೇಕು. ಓರೆಯಾದರೆ ಗಾಳಿ ಸೋರಿ ನಂಬರ್ ಕಮ್ಮಿ ಬರುತ್ತದೆ, ಅದಕ್ಕೇ ಎರಡು ಸಲ ನೋಡುವುದು. ಕಾರಿನ 12 ವೋಲ್ಟ್ ಪಾಯಿಂಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇದ್ದರೆ ಅಲ್ಲೇ ತುಂಬಿಸಿ ಮುಗಿಸಬಹುದು. ಶಬ್ದ ಮಾತ್ರ ಜೋರು, ಮನೆಯವರು ಬೈಯುತ್ತಾರೆ.

ಒಂದೇ ಟೈರ್ ಪದೇ ಪದೇ ಇಳಿಯುತ್ತಿದ್ದರೆ ಸೋಪಿನ ನೀರನ್ನು ವಾಲ್ವಿಗೂ ಟೈರಿಗೂ ಹಚ್ಚಿ, ಗುಳ್ಳೆ ಬಂದ ಕಡೆ ತೂತು. ನಮ್ಮಲ್ಲಿ ಹೆಚ್ಚಾಗಿ ಬೇಲಿಯ ಮುಳ್ಳುತಂತಿ ಚೂರು ಸಿಗುತ್ತದೆ. ನೈಟ್ರೋಜನ್ ಹಾಕಿಸಬೇಕಾ ಎಂದು ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಬರೀ ನೈಟ್ರೋಜನ್ ಹಾಕಿಸಿದರೆ ಸ್ವಲ್ಪ ನಿಧಾನ ಇಳಿಯುತ್ತದೆ, ಅಷ್ಟೇ. ನಾನಂತೂ ದುಡ್ಡು ಕೊಡುವುದಿಲ್ಲ.

ನಾಲ್ಕು ಟೈರ್ ನೋಡಿದ ಮೇಲೆ ಐದನೆಯದು ಡಿಕ್ಕಿಯೊಳಗಿದೆ. ಸ್ಟೆಪ್ನಿಯನ್ನು ಯಾರೂ ನೋಡುವುದಿಲ್ಲ, ಅದೂ ತಿಂಗಳಿಗೆ ಒಂದರಂತೆ ಕಳೆದುಕೊಳ್ಳುತ್ತಲೇ ಇರುತ್ತದೆ. ನಾನು ಅದಕ್ಕೆ ತುಂಬಿದ ಗಾಡಿಯ ಲೆಕ್ಕದಲ್ಲೇ ಹಾಕಿಡುತ್ತೇನೆ, ಬೇಕಾದಾಗ ಬಿಡುವುದು ಸುಲಭ. ನಿಮ್ಮದು ಸಪೂರದ, ತಾತ್ಕಾಲಿಕ ಸ್ಟೆಪ್ನಿಯಾದರೆ ಅದರ ಮೇಲೇ ಬರೆದಿರುವುದನ್ನು ಓದಿ, ಕೆಲವಕ್ಕೆ 60 ಪಿಎಸ್‌ಐ ಬೇಕಾಗುತ್ತದೆ. ಮಾಕುಟ್ಟ ಘಟ್ಟದ ಕಾಡಿನ ನಡುವೆ ಟೈರ್ ಬದಲಿಸುವ ಹೊತ್ತಲ್ಲಿ ಹತ್ತಿರ ಬಂಕೂ ಇರುವುದಿಲ್ಲ, ಪಂಕ್ಚರ್ ಅಂಗಡಿಯೂ ಇರುವುದಿಲ್ಲ.