ಸುಂಟರಗಾಳಿಯೋ, ಟಾರ್ನೆಡೊನೋ? ಹೊಲದಲ್ಲಿ ನಿಂತೇ ಗುರುತಿಸಿ

ಏಪ್ರಿಲ್ ಮಧ್ಯಾಹ್ನ ಕಲಬುರಗಿ ಕಡೆ ಹೊಲಕ್ಕೆ ಹೋದರೆ ಒಂದಾದರೂ ಸುಂಟರಗಾಳಿ ಕಾಣುತ್ತದೆ. ತೊಗರಿ ಕೊಯ್ದು ಖಾಲಿ ಬಿಟ್ಟ ಕರಿ ಮಣ್ಣು, ಮೇಲೆ ಒಂದು ಚೂರೂ ಮೋಡವಿಲ್ಲ, ಇದ್ದಕ್ಕಿದ್ದಂತೆ ಧೂಳು, ಒಣ ಎಲೆ, ಪ್ಲಾಸ್ಟಿಕ್ ಚೀಲ ಎಲ್ಲ ಗಿರಗಿರ ತಿರುಗುತ್ತಾ ಕಂಬದ ಹಾಗೆ ಎದ್ದುಬಿಡುತ್ತದೆ. ಇದನ್ನೇ ವಿಡಿಯೋ ಮಾಡಿ 'ಟಾರ್ನೆಡೊ ಬಂತು' ಅಂತ ವಾಟ್ಸಾಪ್‌ಗೆ ಹಾಕಬೇಡಿ. ಕಾದ ನೆಲದಿಂದ ಏಳುವ ಬಿಸಿಗಾಳಿ ಇದು, ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ದಾರಿ ಬಿಟ್ಟು ಪಕ್ಕಕ್ಕೆ ಸರಿಯಿರಿ, ಕಣ್ಣಿಗೆ ಟವೆಲ್ ಹಿಡಿಯಿರಿ, ಸಾಕು.

ಗುರುತು ಸುಲಭ, ಆಕಾಶ ನೋಡಿ. ಟಾರ್ನೆಡೊ ಅಂದರೆ ಮೋಡದಿಂದ ನೆಲದವರೆಗೆ ರಭಸವಾಗಿ ಸುತ್ತುವ ಗಾಳಿಯ ಕಂಬ, ಅದು ಗುಡುಗು ಮೋಡಕ್ಕೆ ಜೋತುಬಿದ್ದಿರುತ್ತದೆ. ಸುಂಟರಗಾಳಿಗೆ ಮೋಡವೇ ಬೇಡ.

ನಮ್ಮ ದೇಶದಲ್ಲಿ ಟಾರ್ನೆಡೊ ಅಪರೂಪ. ಬಂದರೆ ಜಾಸ್ತಿ ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಂ ಕಡೆ, ಅದೂ ಮಾರ್ಚ್‌ನಿಂದ ಮೇ ಒಳಗೆ. ಬಂಗಾಳ ಕೊಲ್ಲಿಯ ತೇವದ ಗಾಳಿ ಕೆಳಗೆ, ಪಶ್ಚಿಮದ ಒಣಗಾಳಿ ಮೇಲೆ, ಎತ್ತರಕ್ಕೆ ಹೋದ ಹಾಗೆ ಗಾಳಿಯ ದಿಕ್ಕು ವೇಗ ಎರಡೂ ಬದಲಾದಾಗ ಮೋಡವೇ ಸುತ್ತಲು ಶುರುಮಾಡುತ್ತದೆ. 1978ರ ಮಾರ್ಚ್ 17ರಂದು ದೆಹಲಿಗೂ ಬಂದಿತ್ತು. ಪಕ್ಕದ ಬಾಂಗ್ಲಾದೇಶದಲ್ಲಿ 1989ರ ಏಪ್ರಿಲ್ 26ರಂದು ಬಂದದ್ದು ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡಿತು.

ಕಲಬುರಗಿ, ಬೀದರ್, ಯಾದಗಿರಿಯವರು ನಿಜವಾಗಿ ಹೆದರಬೇಕಾದದ್ದು ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿಗೆ, ಅದಕ್ಕಿಂತ ಜಾಸ್ತಿ ಸಿಡಿಲಿಗೆ. ದಿನವಿಡೀ ಬೆವರು ಸುರಿದು, ಸಂಜೆ ಹೊತ್ತಿಗೆ ಒಂದು ದಿಕ್ಕು ಕಪ್ಪಾಗಿ, ತಟ್ಟನೆ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಕೆಲಸ ಅಲ್ಲಿಗೇ ಬಿಟ್ಟು ಹೊರಡಿ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ ಅಂತ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ನೀವು ಆಗಲೇ ಅಪಾಯದಲ್ಲಿದ್ದೀರಿ. ಮಳೆ ಬಂತೆಂದು ಬೇವಿನ ಮರದ ಕೆಳಗೆ ಓಡುತ್ತೇವಲ್ವಾ, ದಯವಿಟ್ಟು ಅದೊಂದು ಬೇಡ. ಗಟ್ಟಿ ಮನೆ ಸೇರಿ, ಇಲ್ಲವಾದರೆ ಕಾರು, ಬಸ್ಸಿನೊಳಗೆ ಕೂತು ಗಾಜು ಏರಿಸಿ. ಪುಣೆಯ ಹವಾಮಾನ ಸಂಸ್ಥೆ ಮಾಡಿದ ದಾಮಿನಿ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ಮೊಬೈಲ್‌ನಲ್ಲಿ ಹಾಕಿಕೊಂಡಿರಿ.

ಕೊಟ್ಟಿಗೆ ತಗಡಿನ ಮೇಲೆ ಸುಮ್ನೆ ಕಲ್ಲು ಹೇರಿದರೆ ಸಾಲದು. ಹೋದ ವರ್ಷ ನಮ್ಮ ಮನೆಯಲ್ಲಿ ಕಲ್ಲು ಎಮ್ಮೆಯ ಪಕ್ಕಕ್ಕೇ ಬಿತ್ತು, ತಗಡು ಹೋಗಿ ಮರಕ್ಕೆ ಸಿಕ್ಕಿಕೊಂಡಿತು. ಹುಕ್ ಹಾಕಿ ಕೆಳಗಿನ ಪೈಪಿಗೆ ಬಿಗಿಸಿ, ಮಾರ್ಚ್‌ನಲ್ಲೇ.

ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಹೊರಗೆ ಬನ್ನಿ. ದಾರಿಯಲ್ಲಿ ಕರೆಂಟ್ ತಂತಿ ಬಿದ್ದಿದ್ದರೆ ದೂರ ನಿಂತೇ 1912ಕ್ಕೆ ಫೋನ್ ಮಾಡಿ, ದನಗಳನ್ನೂ ಆ ಕಡೆ ಬಿಡಬೇಡಿ.