ಟೇಬಲ್ ಮೇಲೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು

ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕದಲ್ಲಿ ಒಂದೇ ತಕರಾರು ಪದೇ ಪದೇ ಬರುತ್ತಿತ್ತು. ಟೇಬಲ್ ಮೇಲೆ ಕಂದು ದಾರ, ಸೊಂಟದ ಲೆದರ್ ಪ್ಯಾಚ್ ಎರಡೂ ಒಂದೇ ಬಣ್ಣ. ಅದೇ ಪ್ಯಾಂಟನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದರೆ ದಾರ ಕೆಂಪಗೆ ಕಾಣುತ್ತಿತ್ತು. ಡೈ ಸರಿಯಾಗೇ ಇತ್ತು. ಎಡವಟ್ಟು ಇದ್ದದ್ದು ಎಲ್‌ಇಡಿ ಟ್ಯೂಬಿನಲ್ಲಿ.

ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿರುವ ಬಣ್ಣಗಳನ್ನಷ್ಟೇ ವಾಪಸ್ ಕಳಿಸಬಲ್ಲದು. ಸಾಮಾನ್ಯ ಬಿಳಿ ಎಲ್‌ಇಡಿ ಒಳಗಿರುವುದು ನೀಲಿ ಚಿಪ್, ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಪುಡಿಯ ಲೇಪ. ಕಣ್ಣಿಗೆ ಬೆಳ್ಳಗೆ ಕಂಡರೂ ಅದರಲ್ಲಿ ಗಾಢ ಕೆಂಪು ತೀರಾ ಕಡಿಮೆ. ದಾರದ ಡೈ ಬೇರೆ, ಪ್ಯಾಚಿನದು ಬೇರೆ. ಕೆಂಪು ಕಡಿಮೆಯಿದ್ದರೆ ಆ ವ್ಯತ್ಯಾಸ ಅಡಗಿಹೋಗುತ್ತದೆ. ಬಿಸಿಲಲ್ಲಿ ಎಲ್ಲ ಬಣ್ಣವೂ ಇರುತ್ತೆ ಅಲ್ವಾ, ಅಲ್ಲಿ ಬಯಲಾಗುತ್ತದೆ.

ಹಾಗಾಗಿ ಸುಮ್ನೆ ಜಾಸ್ತಿ ವ್ಯಾಟ್‌ನ ಟ್ಯೂಬ್ ಹಾಕಿ ಪ್ರಯೋಜನವಿಲ್ಲ. ಡಬ್ಬಿ ಮೇಲೆ ಸಿಆರ್‌ಐ ನೋಡಬೇಕು, ಅಂದರೆ ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದಕ್ಕೆ ನೂರರವರೆಗಿನ ಅಂಕ. 80 ಇದ್ದದ್ದನ್ನು ತೆಗೆದು 95ರ, 6500 ಕೆಲ್ವಿನ್ (ಹಗಲು ಬೆಳಕಿನಂಥ ಬಿಳಿ) ಟ್ಯೂಬ್ ಹಾಕಿಸಿದೆ. ಪಕ್ಕದ ಗುಲಾಬಿ ಗೋಡೆಗೆ ಬೂದು ಬಣ್ಣ ಹೊಡೆಸಿದೆ, ಅದರ ಛಾಯೆಯೂ ಬಟ್ಟೆ ಮೇಲೆ ಬೀಳುತ್ತಿತ್ತು. ಈಗ ಹೊಂದದ ದಾರ ಟೇಬಲ್ ಮೇಲೇ ಸಿಕ್ಕಿಬೀಳುತ್ತದೆ. ಡಬ್ಬಿಯಲ್ಲಿ ಆರ್9 ಅಂತ ಬರೆದಿದ್ದರೆ ಅದನ್ನೂ ನೋಡಿ ಕೊಳ್ಳಿ, ಗಾಢ ಕೆಂಪಿನ ಅಂಕ ಅದು.